ರಾಗಿಯ ಊರಿನಲ್ಲಿ ಗೋಧಿಯ ರೋಗ: ಸಿಲಿಯಾಕ್ ಪತ್ತೆಯಾದ ಬಗೆ

ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕಿನ ಅಜ್ಜೀಪುರ ನನ್ನ ಅಕ್ಕನ ಊರು. ಮಳೆಯನ್ನೇ ನಂಬಿದ ಹೊಲ, ಹೊಲದ ತುಂಬ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಮುದ್ದೆಯಿಲ್ಲದ ರಾತ್ರಿಯೂಟವನ್ನು ಆ ಮನೆಯಲ್ಲಿ ನಾನು ಕಂಡಿಲ್ಲ. ಅಕ್ಕನ ಮೊಮ್ಮಗಳು ರಾಗಿ ಸರಿ ಕುಡಿದು ದುಂಡಗೆ ಬೆಳೆಯುತ್ತಿದ್ದವಳು, ಎರಡು ವರ್ಷ ತುಂಬಿದ ಮೇಲೆ ಸೊರಗತೊಡಗಿದಳು. ಹೊಟ್ಟೆ ಉಬ್ಬಿತು, ತೊಡೆ ತೋಳು ಬತ್ತಿದವು, ಮಲ ಜಿಡ್ಡುಜಿಡ್ಡಾಯಿತು, ಮುಖ ಬಿಳಿಚಿಕೊಂಡಿತು. ಜಂತುಹುಳುವಿನ ಔಷಧ, ಕಬ್ಬಿಣಾಂಶದ ಟಾನಿಕ್ಕು ಎಂದು ಎರಡು ವರ್ಷ ಕಳೆಯಿತು. ಹಲ್ಲು ಬಂದಾಗಿನಿಂದ ಮಗುವಿಗೆ ದಿನವೂ ರಸ್ಕು, ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದರು. ಅದನ್ನು ಯಾವ ಡಾಕ್ಟರೂ ಕೇಳಲಿಲ್ಲ, ಮನೆಯವರೂ ಹೇಳಲಿಲ್ಲ. ಮಗು ಸೊರಗಿದಷ್ಟೂ ಬಿಸ್ಕತ್ತನ್ನೇ ಹೆಚ್ಚು ಕೊಟ್ಟರು. ಕೊನೆಗೆ ಮೈಸೂರಿನಲ್ಲಿ ಮಕ್ಕಳ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿನ ಮೂಲಕ ಸಣ್ಣಕರುಳಿನ ಚೂರು ತೆಗೆಸಿ ನೋಡಿ, ಇದು ಸಿಲಿಯಾಕ್ ರೋಗ, ಜೀವಮಾನವಿಡೀ ಗೋಧಿಯನ್ನು ಮುಟ್ಟಬಾರದು ಎಂದರು.

"ರಾಗಿ ಉಣ್ಣೋ ಮನೇಲಿ ಗೋಧಿ ಕಾಯಿಲೆ ಹೆಂಗೆ ಬಂತು, ತಮ್ಮ? ನೀನು ಓದಿದೋನು, ಹೇಳು" ಎಂದು ಅಕ್ಕ ಕೇಳಿದಳು. ನಾನು ಓದಿದ್ದು ಭೌತಶಾಸ್ತ್ರ. ಆದರೂ ತಮ್ಮನಾದ ಮೇಲೆ ಉತ್ತರ ಹುಡುಕಬೇಕಾಯಿತು. ಹುಡುಕುತ್ತ ಹೋದಾಗ ಸಿಕ್ಕ ಇತಿಹಾಸವೇ ಈ ಲೇಖನ.

ರೋಗದ ಹೆಸರು ಹಳೆಯದು. ಸುಮಾರು 1,800 ವರ್ಷಗಳಿಗೂ ಹಿಂದೆ ಕಪ್ಪಡೋಷಿಯದ ಗ್ರೀಕ್ ವೈದ್ಯ ಅರೆಟೇಯಸ್, ತಿಂದದ್ದು ಮೈಗೆ ಹತ್ತದೆ ಸೊರಗುವವರ ಬಗ್ಗೆ ಬರೆದ. ಹೊಟ್ಟೆ ಎಂಬರ್ಥದ ಗ್ರೀಕ್ ಪದದಿಂದ 'ಸಿಲಿಯಾಕ್' ಬಂದಿದೆ. ನಮ್ಮ ಆಯುರ್ವೇದ ಗ್ರಂಥಗಳ ಗ್ರಹಣಿ ರೋಗವೂ ಇದೇ ಎಂದು ಕೆಲವರು ಹೇಳುವುದುಂಟು. ಲಕ್ಷಣಗಳ ಹೋಲಿಕೆಯೊಂದರಿಂದ ಹಾಗೆ ತೀರ್ಮಾನಿಸಲಾಗದು. ಜೀರ್ಣಶಕ್ತಿ ಕೆಡುವ ಕಾಯಿಲೆಗಳು ಹತ್ತಾರಿವೆ.

ಆಧುನಿಕ ವಿವರಣೆ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಅವರದು. 1887ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ ಉಪನ್ಯಾಸ ಕೊಟ್ಟು, ಮರುವರ್ಷ ಪ್ರಕಟಿಸಿದರು. ಈ ರೋಗ ವಾಸಿಯಾಗುವುದಾದರೆ ಆಹಾರದಿಂದಲೇ ಆಗಬೇಕು ಎಂಬ ಅವರ ಊಹೆ ಸರಿಯಾಗಿತ್ತು. ಆದರೆ ಯಾವ ಆಹಾರ? ಹಿಟ್ಟಿನ ಪದಾರ್ಥ ಕಡಿಮೆ ಮಾಡಿ ಎಂದ ಗೀ, ಅಕ್ಕಿ ಮತ್ತು ಸಾಬುದಾನಿ ಬೇಡವೆಂದರು. ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ ಆಗಬಹುದೆಂದರು! ನಿರಪರಾಧಿಯಾದ ಅಕ್ಕಿಗೆ ಶಿಕ್ಷೆ, ಅಪರಾಧಿ ಗೋಧಿಗೆ ಬಿಡುಗಡೆ. ದಿನವೂ ಡಚ್ ಚಿಪ್ಪುಮೀನನ್ನು ತಿಂದು ಚೇತರಿಸಿಕೊಂಡ ಮಗುವೊಂದನ್ನೂ ಅವರು ಕಂಡಿದ್ದರು. ಚಿಪ್ಪುಮೀನಿನ ಕಾಲ ಮುಗಿದೊಡನೆ ಮಗು ಮತ್ತೆ ಕುಸಿಯಿತು. ಚಿಪ್ಪುಮೀನಿನಲ್ಲಿ ಏನಿತ್ತು ಎಂದು ಯೋಚಿಸಿದವರಿಗೆ, ಅದನ್ನು ತಿನ್ನುವಾಗ ಮಗು ಏನನ್ನು ತಿನ್ನಲಿಲ್ಲ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಇದೇ ತಪ್ಪು 1924ರಲ್ಲಿ ಇನ್ನೂ ದೊಡ್ಡದಾಗಿ ನಡೆಯಿತು. ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಬ್ರೆಡ್ಡು, ಆಲೂಗೆಡ್ಡೆ, ಧಾನ್ಯಗಳನ್ನು ಬಿಡಿಸಿ ಬಾಳೆಹಣ್ಣು ಕೊಟ್ಟರೆ ಸಾಯುವಂತಿದ್ದ ಮಕ್ಕಳು ಬದುಕಿದರು. ಕೀರ್ತಿಯೆಲ್ಲ ಬಾಳೆಹಣ್ಣಿಗೆ ಹೋಯಿತು. ಹಾಸ್ ಅವರು ಪಿಷ್ಟವೇ ಕಾರಣವೆಂದು ನಂಬಿದ್ದರು. ಮಗು ಚೇತರಿಸಿಕೊಂಡ ಮೇಲೆ ಗೋಧಿಗೆ ಮರಳಬಹುದೆಂಬ ಅವರ ಅಭಿಪ್ರಾಯ ಎಷ್ಟೋ ಮಕ್ಕಳನ್ನು ಮತ್ತೆ ಅಪಾಯಕ್ಕೆ ಒಡ್ಡಿತು. ಒಂದೇ ಪ್ರಯೋಗದಲ್ಲಿ ಎರಡು ಚರಾಂಶಗಳನ್ನು ಒಟ್ಟಿಗೆ ಬದಲಿಸಿದರೆ ಫಲಿತಾಂಶ ಯಾವುದರಿಂದ ಬಂತೆಂದು ತಿಳಿಯದು ಎಂದು ನಾವು ಪ್ರಯೋಗಶಾಲೆಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹೇಳುತ್ತೇವೆ.

ಗಂಟು ಬಿಡಿಸಿದವರು ಹಾಲೆಂಡಿನ ವಿಲ್ಲೆಮ್ ಕರೆಲ್ ಡಿಕ್ಕೆ (1905–1962). 1936ರಲ್ಲಿ, ಇನ್ನೂ ಮೂವತ್ತೊಂದನೆಯ ವಯಸ್ಸಿಗೆ, ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯ ನಿರ್ದೇಶಕರಾದರು. ಬ್ರೆಡ್ ಬಿಡಿಸಿದರೆ ತನ್ನ ಮಗು ಸುಧಾರಿಸುತ್ತದೆ, ಕೊಟ್ಟರೆ ಕೆಡುತ್ತದೆ ಎಂದು ತಾಯಿಯೊಬ್ಬಳು ಹೇಳಿದ್ದನ್ನು ಅವರು ತಳ್ಳಿಹಾಕಲಿಲ್ಲ. ಗೋಧಿಯಿಲ್ಲದ ಪಥ್ಯದ ಬಗ್ಗೆ 1941ರಲ್ಲೇ ಡಚ್ ಭಾಷೆಯಲ್ಲಿ ಬರೆದರು. ಮುಂದೆ 1944–45ರ ಚಳಿಗಾಲದಲ್ಲಿ ಜರ್ಮನ್ನರ ದಿಗ್ಬಂಧನದಿಂದ ಪಶ್ಚಿಮ ಹಾಲೆಂಡಿನಲ್ಲಿ ಕ್ಷಾಮ ಬಂತು. ಬ್ರೆಡ್ ಸಿಗದೆ ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಸಿಲಿಯಾಕ್ ಮಕ್ಕಳು ಸುಧಾರಿಸಿದರೆಂದೂ, ನೆರವಿನ ಬ್ರೆಡ್ ಬಂದಾಗ ಮತ್ತೆ ಕೆಟ್ಟರೆಂದೂ ಹೇಳುತ್ತಾರೆ. ಕ್ಷಾಮದಿಂದಲೇ ಡಿಕ್ಕೆಗೆ ಹೊಳೆಯಿತು ಎಂಬುದು ಜನಪ್ರಿಯ ಕಥೆ. 1941ರ ಲೇಖನ ಅದಕ್ಕೆ ಹೊಂದುವುದಿಲ್ಲ. ಕ್ಷಾಮ ಅವರ ನಂಬಿಕೆಯನ್ನು ಗಟ್ಟಿ ಮಾಡಿತು ಅಷ್ಟೆ.

ನಂಬಿಕೆಯನ್ನು ಪುರಾವೆಯಾಗಿಸಲು ಅಳತೆ ಬೇಕು. ಈ ಮಕ್ಕಳು ಕೊಬ್ಬನ್ನು ಹೀರಿಕೊಳ್ಳಲಾರರು. ಒಳಹೋದ ಕೊಬ್ಬು ಗೊತ್ತಿದ್ದು, ಹೊರಬಂದದ್ದನ್ನು ಅಳೆದರೆ, ವ್ಯತ್ಯಾಸವೇ ಮೈಗೆ ಹತ್ತಿದ್ದು. ದ್ರವ್ಯಸಂರಕ್ಷಣೆಯ ಸರಳ ಲೆಕ್ಕ. ಉಟ್ರೆಕ್ಟಿನ ಜೀವರಸಾಯನಶಾಸ್ತ್ರಜ್ಞ ವಾನ್ ಡಿ ಕಾಮರ್ ಮಲದಲ್ಲಿರುವ ಕೊಬ್ಬನ್ನು ಬೇಗ ಅಳೆಯುವ ವಿಧಾನವನ್ನು 1949ರಲ್ಲಿ ಪ್ರಕಟಿಸಿದರು. ಡಿಕ್ಕೆ ಅದೇ ಮಕ್ಕಳಿಗೆ ಒಂದು ಅವಧಿ ಅಕ್ಕಿ, ಇನ್ನೊಂದು ಅವಧಿ ಗೋಧಿ, ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದರು. ಅಕ್ಕಿ, ಆಲೂಗೆಡ್ಡೆ, ಮುಸುಕಿನ ಜೋಳದಿಂದ ತೊಂದರೆಯಿಲ್ಲ. ಗೋಧಿ ಮತ್ತು ರೈ ಕೊಟ್ಟಾಗ ಕೊಬ್ಬಿನ ನಷ್ಟ ಏರಿತು. ಗೋಧಿಯಿಂದ ಬೇರ್ಪಡಿಸಿದ ಪಿಷ್ಟ ನಿರಪಾಯಕಾರಿ! ಇದು ಅವರ 1950ರ ಪ್ರೌಢಪ್ರಬಂಧ. ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನೇ, ಅದರಲ್ಲೂ ಗ್ಲಯಾಡಿನ್ ಎಂಬ ಭಾಗವೇ ಅಪರಾಧಿ ಎಂದು ವಾನ್ ಡಿ ಕಾಮರ್, ವೈಯರ್ಸ್ ಮತ್ತು ಡಿಕ್ಕೆ 1953ರ ಹೊತ್ತಿಗೆ ತೋರಿಸಿದರು.

ಕರುಳಿನೊಳಗೆ ಏನಾಗುತ್ತದೆಂದು 1954ರಲ್ಲಿ ಇಂಗ್ಲೆಂಡಿನ ಪಾಲಿ ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ಚೂರುಗಳಲ್ಲಿ ಕಂಡರು. ಸಣ್ಣಕರುಳಿನ ಒಳಗೋಡೆಯಲ್ಲಿ ಬೆರಳಿನಂತೆ ಚಾಚಿರುವ ವಿಲ್ಲೈಗಳು ಸವೆದು ಚಪ್ಪಟೆಯಾಗಿದ್ದವು. ಆರೋಗ್ಯವಂತರ ಇಡೀ ಅನ್ನನಾಳದಿಂದ ದೊಡ್ಡಕರುಳಿನವರೆಗಿನ ಒಳಮೇಲ್ಮೈ ಟೆನಿಸ್ ಅಂಗಳದಷ್ಟು ಎಂದು ಹಳೆಯ ಪಠ್ಯಗಳಲ್ಲಿತ್ತು. 2014ರಲ್ಲಿ ಸ್ವೀಡನ್ನಿನವರು ಮತ್ತೆ ಲೆಕ್ಕ ಹಾಕಿ ಸುಮಾರು 32 ಚದರ ಮೀಟರ್ ಎಂದರು. ತರಗತಿಯಲ್ಲಿ ಹಳೆಯ ಹೋಲಿಕೆ ಬಳಸುವ ಅಧ್ಯಾಪಕರು ತಿದ್ದಿಕೊಳ್ಳಬಹುದು. ಏನೇ ಆಗಲಿ, ಬೆರಳುಗಳು ಸವೆದರೆ ಹೀರುವ ಮೇಲ್ಮೈ ಕುಗ್ಗಿತು. 1957ರಲ್ಲಿ ಕ್ರಾಸ್ಬಿ ಒಂದು ಪುಟ್ಟ ಲೋಹದ ಕ್ಯಾಪ್ಸೂಲ್ ಮಾಡಿದರು. ರೋಗಿ ನುಂಗುವುದು, ಹೊರಗಿನಿಂದ ಕೊಳವೆಯಲ್ಲಿ ಗಾಳಿ ಎಳೆದರೆ ಕರುಳಿನ ಪದರ ಅದರ ಕಿಂಡಿಯೊಳಗೆ ಸೇರಿ, ಸ್ಪ್ರಿಂಗ್ ಬಿಚ್ಚಿಕೊಂಡು ಬ್ಲೇಡು ಚೂರೊಂದನ್ನು ಕತ್ತರಿಸುವುದು. ಯಾವ ಭೌತಶಾಸ್ತ್ರಜ್ಞನಿಗಾದರೂ ಹಿಡಿಸುವ ಸಾಧನ. ನುಂಗಬೇಕಾದ ಮಗುವಿಗೆ ಹಿಡಿಸಿರಲಾರದು.

ಉಳಿದದ್ದು ಬೇಗ ಬಂತು. ಡಿಕ್ಯೂ2 ಎಂಬ ಅಂಗಾಂಶ ಗುರುತಿನ ಜೀನ್‌ಗೂ ಈ ರೋಗಕ್ಕೂ ಇರುವ ನಂಟನ್ನು ನಾರ್ವೆಯ ಸೊಲ್ಲಿಡ್ 1989ರಲ್ಲಿ ಖಚಿತಪಡಿಸಿದರು. 1997ರಲ್ಲಿ ಬರ್ಲಿನ್ನಿನ ಡೀಟರಿಕ್ ಮತ್ತು ಸಂಗಡಿಗರು, ರೋಗಿಯ ಪ್ರತಿಕಾಯಗಳು ದಾಳಿ ಮಾಡುವುದು ದೇಹದ್ದೇ ಆದ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವದ ಮೇಲೆ ಎಂದು ಕಂಡುಹಿಡಿದರು. ಅಕ್ಕನ ಮೊಮ್ಮಗಳಿಗೆ ಮಾಡಿಸಿದ ರಕ್ತಪರೀಕ್ಷೆ ಇದರ ಫಲ.

ಇನ್ನು ಅಕ್ಕನ ಪ್ರಶ್ನೆ. ಉತ್ತರ ಭಾರತದ ಮಕ್ಕಳಲ್ಲಿ ಸಿಲಿಯಾಕ್ ಇದೆಯೆಂದು ವಾಲಿಯಾ ಮತ್ತು ಸಂಗಡಿಗರು 1966ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬರೆದಿದ್ದರು. ದಕ್ಷಿಣದಲ್ಲಿ ಇದು ಇಲ್ಲವೇ ಇಲ್ಲ ಎಂಬ ಭಾವನೆ ಬಹುಕಾಲ ಉಳಿಯಿತು. ಇಲ್ಲಿ ಜಿಡ್ಡಿನ ಭೇದಿ ಎಂದರೆ ವೈದ್ಯರಿಗೆ ಮೊದಲು ನೆನಪಾಗುತ್ತಿದ್ದುದು ವೆಲ್ಲೂರಿನ ಬೇಕರ್ ಮತ್ತು ಮಥನ್ 1960ರ ದಶಕದಲ್ಲಿ ಅಧ್ಯಯನ ಮಾಡಿದ ಉಷ್ಣವಲಯದ ಸ್ಪ್ರೂ. ದಕ್ಷಿಣದವರ ಜೀನ್‌ಗಳೇ ಬೇರೆಯೋ ಏನೋ ಎಂದೂ ಊಹಿಸಬಹುದಿತ್ತು. 2016ರಲ್ಲಿ ರಾಮಕೃಷ್ಣ, ಮಖಾರಿಯಾ ಮೊದಲಾದವರು 23,331 ವಯಸ್ಕರನ್ನು ಪರೀಕ್ಷಿಸಿದ ಫಲಿತಾಂಶ ಬಂತು. ರಕ್ತದಲ್ಲಿ ಸಿಲಿಯಾಕ್ ಪ್ರತಿಕಾಯ ಇದ್ದವರು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ರೋಗಕ್ಕೆ ಅವಕಾಶ ಕೊಡುವ ಜೀನ್ ಮಾತ್ರ ಉತ್ತರದಲ್ಲಿ ಶೇ 38.1, ದಕ್ಷಿಣದಲ್ಲಿ ಶೇ 36.4; ಹೆಚ್ಚುಕಡಿಮೆ ಒಂದೇ. ದಿನದ ಸರಾಸರಿ ಗೋಧಿ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಈಶಾನ್ಯದವರು 37 ಗ್ರಾಂ ತಿಂದೂ ಶೇ 0.87 ಇರುವುದರಿಂದ ಗೋಧಿಯೊಂದೇ ಎಲ್ಲವನ್ನೂ ವಿವರಿಸದು. ಆದರೂ ಅಕ್ಕನಿಗೆ ಹೇಳುವಷ್ಟು ಇದರಲ್ಲಿತ್ತು: ಕಾಯಿಲೆಯ ಬೀಜ ಬಹುಶಃ ನಮ್ಮ ವಂಶದಲ್ಲಿ ಮೊದಲಿನಿಂದಲೂ ಇತ್ತು, ಮುದ್ದೆ ಅದನ್ನು ಮೊಳೆಯಗೊಡಲಿಲ್ಲ.

ಗೋಧಿ ಬಂದದ್ದು ಅವಳ ಕಣ್ಣೆದುರಿಗೇ. ಬಾಲ್ಯದಲ್ಲಿ ಶಾಲೆಯಲ್ಲಿ ತಿಂದ ಅಮೆರಿಕದ ನೆರವಿನ ಗೋಧಿಯ ಉಪ್ಪಿಟ್ಟು ಅವಳಿಗೆ ಇಂದಿಗೂ ನೆನಪಿದೆ. 1960ರ ದಶಕದ ನಡುವೆ ದೇಶದ ಗೋಧಿ ಉತ್ಪನ್ನ ಸುಮಾರು 1.2 ಕೋಟಿ ಟನ್. ಹಸಿರು ಕ್ರಾಂತಿಯ ನಂತರ ಏರುತ್ತ ಈಗ 11 ಕೋಟಿ ಟನ್ ದಾಟಿದೆ. ರವೆ, ಚಪಾತಿ, ಬೇಕರಿ, ಪರೋಟ ಎಲ್ಲ ಹಿಂಬಾಲಿಸಿದವು. 25 ಗ್ರಾಂ ಎಂಬ ಸರಾಸರಿ ಒಂದೊಂದು ಮಗುವಿನ ತಟ್ಟೆಯನ್ನು ತೋರಿಸುವುದಿಲ್ಲ.

ಈ ಮಗುವಿಗೆ ಇನ್ನೊಂದು ತೊಡಕೂ ಇತ್ತು. ಕಡಲೆಕಾಯಿ ಚಟ್ನಿ ತಿಂದರೆ ತುಟಿ ಊದಿ, ಮೈಮೇಲೆ ದದ್ದೇಳುತ್ತಿತ್ತು. ಇದು ಅಲರ್ಜಿ. ಸಿಲಿಯಾಕ್ ತಿಂಗಳುಗಟ್ಟಲೆ ಕರುಳನ್ನು ಸವೆಸುತ್ತದೆ. ಅಲರ್ಜಿ ನಿಮಿಷಗಳಲ್ಲಿ ಉಸಿರನ್ನೇ ಕಟ್ಟಬಹುದು. ಅಲರ್ಜಿ ಎಂಬ ಪದವನ್ನು 1906ರಲ್ಲಿ ಕೊಟ್ಟವರು ವಿಯೆನ್ನಾದ ಫಾನ್ ಪಿರ್ಕೆ. 1921ರಲ್ಲಿ ಪ್ರಾಸ್ನಿಟ್ಸ್, ಮೀನು ಒಗ್ಗದ ತಮ್ಮ ಸಹೋದ್ಯೋಗಿ ಕ್ಯುಸ್ಟ್ನರ್ ಅವರ ರಕ್ತದ ಸೀರಮ್ಮನ್ನು ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅಲ್ಲಿಗೇ ಮೀನಿನ ಸಾರ ಚುಚ್ಚಿ ದದ್ದೆಬ್ಬಿಸಿದರು. ಅಲರ್ಜಿಯ ಕಾರಣ ರಕ್ತದಲ್ಲಿದೆಯೆಂದು ಹೀಗೆ ತಿಳಿಯಿತು. ಅದು ಐಜಿಇ ಎಂಬ ಪ್ರತಿಕಾಯವೆಂದು 1960ರ ದಶಕದಲ್ಲಿ ಇಷಿಜಾಕಾ ದಂಪತಿಗಳು ಗುರುತಿಸಿದರು.

ರಕ್ತದಲ್ಲಿ ಐಜಿಇ ಕಂಡ ಮಾತ್ರಕ್ಕೆ ಅಲರ್ಜಿಯಿದೆ ಎನ್ನಲಾಗದು. ಬೆಂಗಳೂರು, ಮೈಸೂರುಗಳ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಇತ್ತು. ಆಹಾರ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ನಮ್ಮ ಮಗುವಿನ ಪರೀಕ್ಷೆಯಲ್ಲಿ ಕಡಲೆಕಾಯಿಯ ಜೊತೆ ಹಾಲು, ಮೊಟ್ಟೆಯೂ ಬಂದಿದ್ದವು. ಗಾಬರಿಯಾದ ಮನೆಯವರು ಮೂರನ್ನೂ ನಿಲ್ಲಿಸಿದರು. ಗೋಧಿ ಬಿಟ್ಟು ಏರುತ್ತಿದ್ದ ತೂಕ ಮತ್ತೆ ನಿಂತಿತು. ಆಮೇಲೆ ವೈದ್ಯರು ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಸ್ವಲ್ಪಸ್ವಲ್ಪವೇ ತಿನ್ನಿಸಿ ನೋಡಿ ಹಾಲು, ಮೊಟ್ಟೆ ಮರಳಿ ಕೊಟ್ಟರು. ಇದನ್ನು ಮನೆಯಲ್ಲಿ ಮಾಡಬಾರದು. ಮೊಟ್ಟೆ ಮರಳಿದ್ದರಿಂದ ಒಂದು ದೊಡ್ಡ ಚಿಂತೆ ಕಳೆಯಿತು: ಮೊಟ್ಟೆ ತಿನ್ನದ ಮಕ್ಕಳಿಗೆ ಕೆಲವು ವರ್ಷ ಶಾಲೆಯಲ್ಲಿ ಕೊಡುತ್ತಿದ್ದದ್ದು ಕಡಲೆಮಿಠಾಯಿ.

ಗೋಧಿ ಬಿಡುವುದು ಹೇಳಿದಷ್ಟು ಸುಲಭವಲ್ಲ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಹಾನಿಯೆಂದು 2007ರಲ್ಲಿ ಇಟಲಿಯ ಕತಾಸ್ಸಿ ತೋರಿಸಿದ್ದಾರೆ. ಮೈದಾದ ಲೆಕ್ಕದಲ್ಲಿ ಅದು ಅರ್ಧ ಗ್ರಾಂ ಆಸುಪಾಸು, ಒಂದು ಚಿಟಿಕೆ. ಸಾರಿನ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಬಾರ್ಲಿಯಲ್ಲೂ ಅಂಥದೇ ಪ್ರೋಟೀನಿರುವುದರಿಂದ ಮಾಲ್ಟ್ ಪುಡಿಗಳು ಆಗವು. ರಾಗಿ ಬಿಸ್ಕತ್ತು, ರಾಗಿ ಶಾವಿಗೆ ಎಂಬ ಹೆಸರು ನೋಡಿ ಕೊಂಡರೆ ಪೊಟ್ಟಣದ ಹಿಂಬದಿಯಲ್ಲಿ ಮೈದಾ ಇರುವುದುಂಟು. ಸತ್ಯನಾರಾಯಣ ಪೂಜೆಯ ಸಜ್ಜಿಗೆಯೂ ಗೋಧಿ ರವೆಯದೇ. ಪ್ರಸಾದವನ್ನು ಬೇಡವೆನ್ನಲು ಎಂಟು ವರ್ಷದ ಹುಡುಗಿಗೆ ಕಲಿಸುವುದು ಅಕ್ಕನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಈಗ ಅವಳಿಗೆಂದು ಬಾಳೆಹಣ್ಣು ಬೇರೆ ಇಡುತ್ತಾರೆ.

ಪಥ್ಯ ಹಿಡಿದ ಮೇಲೂ ಒಂದು ವರ್ಷ ರಕ್ತದ ಪ್ರತಿಕಾಯ ಪೂರ್ತಿ ಇಳಿಯಲಿಲ್ಲ. ಎಲ್ಲಿ ತಪ್ಪುತ್ತಿದೆ ಎಂದು ಹುಡುಕಿ ಹುಡುಕಿ ಸಾಕಾಗಿತ್ತು. ಕಾರಣ ತಿಳಿದದ್ದು ಅಕ್ಕನಿಗೇ, ಹಿಟ್ಟಿನ ಮಿಲ್ಲಿನ ಮುಂದೆ ಸರದಿಯಲ್ಲಿ ನಿಂತಾಗ: ಅವಳ ಮುಂದಿನವರ ಡಬ್ಬಿಯಲ್ಲಿದ್ದದ್ದು ಗೋಧಿ, ಯಂತ್ರ ಅದೇ, ಅವಳ ರಾಗಿ ಬಿದ್ದದ್ದು ಆ ಹಿಟ್ಟಿನ ಮೇಲೆ. ಅವತ್ತೇ ಅಟ್ಟದಿಂದ ರಾಗಿಕಲ್ಲು ಇಳಿಸಿದಳು. ಮೊಮ್ಮಗಳ ಪಾಲಿನ ರಾಗಿಯನ್ನು ತೊಳೆದು ಒಣಗಿಸಿ ಮನೆಯಲ್ಲೇ ಬೀಸುತ್ತಾಳೆ. ಮುಂದಿನ ಪರೀಕ್ಷೆಯಲ್ಲಿ ಪ್ರತಿಕಾಯ ಇಳಿದಿತ್ತು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನಷ್ಟು ಸುಣ್ಣದಂಶ ಇರುವುದು, ಸವೆದ ಕರುಳಿನಿಂದ ಮೂಳೆಗೆ ಸುಣ್ಣ ಸಾಲದ ಇಂಥ ಮಗುವಿಗೆ ಒಂದು ಅನುಕೂಲ.

ಸಿಲಿಯಾಕ್ ರೋಗಿಯ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಇದು ಉಳಿದವರಿಗಿಂತ ಹೆಚ್ಚು. ಅವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಗುವಿನ ತಾಯಿ ಮಾಡಿಸಿಕೊಂಡಳು, ಏನೂ ಇಲ್ಲ. ತಂದೆಗೆ, ಅಂದರೆ ಅಕ್ಕನ ಮಗನಿಗೆ, ಹಲವು ವರ್ಷಗಳಿಂದ ವಾಸಿಯಾಗದ ರಕ್ತಹೀನತೆಯಿದೆ. ಹನೂರಿಗೆ ಹೋದಾಗಲೆಲ್ಲ ಪರೋಟ ತಿಂದು ಬರುತ್ತಾನೆ. "ಮುಂದಿನ ವಾರ ಹೋಗ್ತೀನಿ ಮಾವ" ಎಂದು ಹೇಳಿ ಈಗ ಏಳು ತಿಂಗಳಾಯಿತು.