ಖೋಬರ್‌ನಲ್ಲಿ ಬಾಡಿಗೆ, ಊರಲ್ಲಿ ಮನೆ

ದಮ್ಮಾಮ್, ಖೋಬರ್ ಕಡೆ ಇರೋ ಮಂಗಳೂರು, ಉಡುಪಿ, ಭಟ್ಕಳದವರನ್ನ "ಸ್ವಂತ ಮನೆ ಎಲ್ಲಿ?" ಅಂತ ಕೇಳಿ ನೋಡಿ. ಇಪ್ಪತ್ತು ವರ್ಷ ಅಲ್ಲೇ ಕಳೆದಿದ್ದರೂ ಊರಿನ ಮನೆಯನ್ನೇ ಹೇಳ್ತಾರೆ. ಇದು ಬರೀ ಊರಿನ ಮೋಹ ಅಲ್ಲ, ಇದಕ್ಕೊಂದು ಚರಿತ್ರೆ ಇದೆ.

1938ರಲ್ಲಿ ದಹ್ರಾನ್‌ನ ಏಳನೇ ಬಾವಿಯಲ್ಲಿ ಎಣ್ಣೆ ಉಕ್ಕಿತು. ಕಂಪನಿ ಅಮೆರಿಕನ್ನರಿಗೆ ಬೇಲಿಯೊಳಗೆ ಬಡಾವಣೆ ಕಟ್ಟಿತು. ಸೌದಿ ಕೆಲಸಗಾರರಿಗೆ ಬೇರೆ ಕ್ಯಾಂಪು, ಭಾರತೀಯರಿಗೆ ಇನ್ನೊಂದು. 1951ರಲ್ಲಿ ಅರಾಮ್ಕೊ ಮನೆ ಸಾಲದ ಯೋಜನೆ ತಂದಿತು, ಆದರೆ ಅದು ಸೌದಿ ನೌಕರರಿಗೆ ಮಾತ್ರ. 1975ರ ನಂತರ ಜುಬೈಲ್ ಕೈಗಾರಿಕಾ ನಗರ ಎದ್ದಾಗಲೂ ನಮ್ಮವರ ಪಾಲಿಗೆ ಇದ್ದದ್ದು ಕ್ಯಾಂಪು, ಇಲ್ಲವೇ ಬಾಡಿಗೆ ಫ್ಲಾಟು.

2000ದ ಕಾನೂನು, ಇಕಾಮಾ ಇರುವ ವಿದೇಶಿಯರು ಅನುಮತಿ ಪಡೆದು ವಾಸಕ್ಕೊಂದು ಮನೆ ಕೊಳ್ಳಬಹುದು ಅಂದಿತು. ಮೆಕ್ಕಾ, ಮದೀನಾದಲ್ಲಿ ಇಲ್ಲ. ಆದರೆ ಕೆಲಸ ಹೋದರೆ ಇಕಾಮಾ ಹೋಗತ್ತೆ. ಹಾಗಿರುವಾಗ ದುಡ್ಡನ್ನ ಅಲ್ಲಿ ಯಾರು ಹಾಕ್ತಾರೆ?

2017ರಲ್ಲಿ 'ಫ್ಯಾಮಿಲಿ ಟ್ಯಾಕ್ಸ್' ಬಂತು. ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 100 ರಿಯಾಲ್. 2020ಕ್ಕೆ ಅದೇ 400. ಹೆಂಡತಿ, ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200. ಎಷ್ಟೋ ಜನ ಸಂಸಾರವನ್ನ ಊರಿಗೆ ಕಳಿಸಿ, ತಾವು ಮತ್ತೆ 'ಬ್ಯಾಚುಲರ್' ಕೋಣೆಗೆ ಹೋದರು.

2025ರಲ್ಲಿ ಹೊಸ ಕಾನೂನಿಗೆ ಒಪ್ಪಿಗೆ ಸಿಕ್ಕಿದೆ: ಗೊತ್ತುಪಡಿಸಿದ ಪ್ರದೇಶಗಳಲ್ಲಿ ವಿದೇಶಿಯರೂ ಆಸ್ತಿ ಕೊಳ್ಳಬಹುದು. ನೀವು ಅಲ್ಲೇ ಹುಟ್ಟಿ, ಅಲ್ಲಿನ ಇಂಡಿಯನ್ ಸ್ಕೂಲಲ್ಲಿ ಓದಿದವರಾದರೆ ಆಸೆ ಹುಟ್ಟೋದು ಸಹಜ. ಆದರೆ ಹುಟ್ಟಿದ ಮಾತ್ರಕ್ಕೆ ಅಲ್ಲಿ ಪೌರತ್ವ ಸಿಗಲ್ಲ. ಮನೆಯ ಪತ್ರ ನಿಮ್ಮ ಹೆಸರಲ್ಲಿ ಇರಬಹುದು, ಅದರೊಳಗೆ ಎಷ್ಟು ದಿನ ಇರ್ತೀರಿ ಅನ್ನೋದನ್ನ ಹೇಳೋದು ಇನ್ನೊಂದು ಕಾಗದ.