ಸರ್ಕಾರಿ ಖರೀದಿಯಲ್ಲಿ ಪಾಲ್ಗೊಳ್ಳಲು ಗ್ರಾಮೀಣ ಕಿರು ಉದ್ದಿಮೆಗಳ ಅರ್ಹತೆ: ದಾಖಲೆ, ವಿನಾಯಿತಿ ಮತ್ತು ಬಂಡವಾಳದ ಸಿದ್ಧತೆ

ಪೀಠಿಕೆ

ವಿದ್ಯಾರ್ಥಿನಿಲಯ, ಆಸ್ಪತ್ರೆ, ಅಂಗನವಾಡಿ, ರಕ್ಷಣಾ ಘಟಕ, ರೈಲ್ವೆ ಹಾಗೂ ಸಾರ್ವಜನಿಕ ಉದ್ದಿಮೆಗಳು ಪ್ರತಿ ವರ್ಷ ಹಿಟ್ಟು, ಬೇಳೆ, ಸಾಂಬಾರ ಪುಡಿ, ಜೇನುತುಪ್ಪ, ಸೆಣಬಿನ ಚೀಲ, ಸಸಿ, ಎರೆಹುಳು ಗೊಬ್ಬರ ಮುಂತಾದ ವಸ್ತುಗಳನ್ನು ಖರೀದಿಸುತ್ತವೆ. ಇವುಗಳಲ್ಲಿ ಹಲವನ್ನು ನಮ್ಮ ಗ್ರಾಮಗಳ ಸ್ವಸಹಾಯ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು ಮತ್ತು ಮನೆಮಟ್ಟದ ಸಂಸ್ಕರಣಾ ಘಟಕಗಳು ತಯಾರಿಸುತ್ತಿವೆ. ಆದರೂ ಸರ್ಕಾರಿ ಖರೀದಿಯಲ್ಲಿ ಇವುಗಳ ಪಾಲು ದೊರೆಯದಿರಲು ಗುಣಮಟ್ಟದ ಕೊರತೆಗಿಂತ ದಾಖಲೆಯ ಕೊರತೆಯೇ ಅನೇಕ ಬಾರಿ ಕಾರಣವಾಗುತ್ತದೆ. ಟೆಂಡರು ಪ್ರಕಟವಾದ ನಂತರ ಇರುವ ಕೆಲವೇ ದಿನಗಳಲ್ಲಿ ಈ ಕೊರತೆಯನ್ನು ತುಂಬಲಾಗದು. ಆದ್ದರಿಂದ ಬಿತ್ತನೆಗೆ ಮುನ್ನ ಭೂಮಿ ಹದಗೊಳಿಸುವಂತೆ, ಟೆಂಡರಿಗೆ ಮುನ್ನವೇ ಅರ್ಹತೆಯನ್ನು ಸಿದ್ಧಪಡಿಸಿಕೊಳ್ಳುವುದು ಅವಶ್ಯ.

ಕಾನೂನಿನ ಆಧಾರ

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, 2006ರ ಅಡಿಯಲ್ಲಿ ಕೇಂದ್ರ ಸರ್ಕಾರವು 2012ರಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಾರ್ವಜನಿಕ ಖರೀದಿ ನೀತಿ ಆದೇಶವನ್ನು ಹೊರಡಿಸಿತು. 2018ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಕನಿಷ್ಠ ಶೇ. 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕು. ಇದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಒಡೆತನದ ಉದ್ದಿಮೆಗಳಿಗೆ ಶೇ. 4, ಮಹಿಳೆಯರ ಒಡೆತನದ ಉದ್ದಿಮೆಗಳಿಗೆ ಶೇ. 3ರಷ್ಟು ಒಳಗುರಿ ನಿಗದಿಯಾಗಿದೆ. ಪಾಲುದಾರಿಕೆ ಅಥವಾ ಖಾಸಗಿ ಕಂಪನಿಯಾಗಿದ್ದಲ್ಲಿ ಆ ವರ್ಗದವರ ಪಾಲು ಕನಿಷ್ಠ ಶೇ. 51 ಇರಬೇಕು.

ಈ ನೀತಿಯಡಿ ದೊರೆಯುವ ಮುಖ್ಯ ಸೌಲಭ್ಯಗಳು:

• ಟೆಂಡರು ದಾಖಲೆಗಳು ಉಚಿತ. ಮುಂಗಡ ಠೇವಣಿಯಿಂದ (ಇಎಂಡಿ) ವಿನಾಯಿತಿ.
• ಅತಿ ಕಡಿಮೆ ದರ ನಮೂದಿಸಿದವರು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಲ್ಲದಿದ್ದು, ಇಂತಹ ಉದ್ದಿಮೆಯ ದರವು ಅದಕ್ಕಿಂತ ಶೇ. 15ರ ಮಿತಿಯೊಳಗೆ ಇದ್ದಲ್ಲಿ, ಕಡಿಮೆ ದರಕ್ಕೆ ಒಪ್ಪಿಕೊಂಡು ಒಟ್ಟು ಪ್ರಮಾಣದ ಒಂದು ಭಾಗವನ್ನು ಪೂರೈಸುವ ಅವಕಾಶ.
• ಗುಣಮಟ್ಟ ಮತ್ತು ತಾಂತ್ರಿಕ ನಿರ್ದಿಷ್ಟತೆಗೆ ಬದ್ಧವಾಗಿದ್ದಲ್ಲಿ, ಹಿಂದಿನ ವಹಿವಾಟು ಮತ್ತು ಅನುಭವದ ಷರತ್ತಿನಲ್ಲಿ ಸಡಿಲಿಕೆ. ಇದು ತಾನಾಗಿ ಲಭಿಸದು. ಬಿಡ್ ದಾಖಲೆಯಲ್ಲಿ ಅವಕಾಶವಿರಬೇಕು.

ಈ ಆದೇಶವು ಕೇಂದ್ರದ ಖರೀದಿದಾರರಿಗೆ ಮಾತ್ರ ಅನ್ವಯ. ರಾಜ್ಯದ ಇಲಾಖೆಗಳ ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರಂತೆ (ಕೆಟಿಪಿಪಿ) ನಡೆಯುತ್ತದೆ. ಖರೀದಿದಾರರು ಯಾರೆಂಬುದನ್ನು ಮೊದಲು ಗುರುತಿಸಿ, ನಂತರ ಸೌಲಭ್ಯಗಳನ್ನು ಪರಿಶೀಲಿಸಬೇಕು.

ಅರ್ಹತೆಯ ಮೆಟ್ಟಿಲುಗಳು

1. ಹೆಸರಿನ ಏಕರೂಪತೆ: ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮತ್ತು ಜಾತಿ ಪ್ರಮಾಣಪತ್ರಗಳಲ್ಲಿ ಹೆಸರಿನ ಕಾಗುಣಿತ, ತಂದೆ ಅಥವಾ ಗಂಡನ ಹೆಸರು ಮತ್ತು ಇನಿಷಿಯಲ್ ಒಂದೇ ರೀತಿ ಇರಬೇಕು. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿ ಬರೆದಿರುವುದರಿಂದಲೇ ಅನೇಕ ಅರ್ಜಿಗಳು ತಡೆಹಿಡಿಯಲ್ಪಡುತ್ತವೆ. ತಿದ್ದುಪಡಿಗೆ ವಾರಗಳು ಬೇಕಾಗುವುದರಿಂದ ಇದೇ ಮೊದಲ ಕೆಲಸ.

2. ಉದ್ಯಮ್ ನೋಂದಣಿ: 1 ಜುಲೈ 2020ರಿಂದ ಜಾರಿಯಲ್ಲಿರುವ ಈ ನೋಂದಣಿಯು ಸಂಪೂರ್ಣ ಉಚಿತ. ಶುಲ್ಕ ಕೇಳುವ ಖಾಸಗಿ ಜಾಲತಾಣಗಳಿಂದ ದೂರವಿರಬೇಕು. 1 ಏಪ್ರಿಲ್ 2025ರಿಂದ ಯಂತ್ರೋಪಕರಣಗಳ ಹೂಡಿಕೆ ₹2.5 ಕೋಟಿ ಮತ್ತು ವಾರ್ಷಿಕ ವಹಿವಾಟು ₹10 ಕೋಟಿ ಮೀರದ ಉದ್ದಿಮೆಗಳು ಸೂಕ್ಷ್ಮ ಉದ್ದಿಮೆಗಳೆನಿಸುತ್ತವೆ. ಅರ್ಜಿಯಲ್ಲಿ ಚಟುವಟಿಕೆಯನ್ನು ಆಯ್ಕೆ ಮಾಡುವಾಗ ವಿಶೇಷ ಎಚ್ಚರ ಅಗತ್ಯ. ರಾಗಿ ಹುರಿಹಿಟ್ಟು ತಯಾರಿಸುವ ಘಟಕವು 'ವ್ಯಾಪಾರ' ಎಂದು ನಮೂದಿಸಿದರೆ ಖರೀದಿ ನೀತಿಯ ಸೌಲಭ್ಯ ಕೈತಪ್ಪುತ್ತದೆ. ಏಕೆಂದರೆ ಈ ಸೌಲಭ್ಯವು ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮೀಸಲು.

3. ಆಹಾರ ಸುರಕ್ಷತೆ: ಆಹಾರ ಪದಾರ್ಥವಾಗಿದ್ದಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿಯನ್ನು ವಹಿವಾಟಿಗೆ ತಕ್ಕಂತೆ ಪಡೆಯಬೇಕು. 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷಾ ವರದಿಯನ್ನು ಜೊತೆಗಿಟ್ಟುಕೊಳ್ಳುವುದು ಒಳಿತು.

4. ಜಿಎಸ್‌ಟಿ: ರಾಜ್ಯದೊಳಗೆ ಕೇವಲ ಸರಕು ಪೂರೈಸುವವರಿಗೆ ಕರ್ನಾಟಕದಲ್ಲಿ ₹40 ಲಕ್ಷ ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ಬಿಡ್ ದಾಖಲೆಯು ಜಿಎಸ್‌ಟಿ ಸಂಖ್ಯೆಯನ್ನು ಕೇಳಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

5. ಖರೀದಿ ಜಾಲತಾಣಗಳಲ್ಲಿ ನೋಂದಣಿ: ಕೇಂದ್ರದ ಖರೀದಿಗೆ 2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ (ಜೆಮ್), ರಾಜ್ಯದ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಜಾಲತಾಣ (ಕೆಪಿಪಿಪಿ) ಬಳಕೆಯಲ್ಲಿವೆ. ಜೆಮ್‌ನಲ್ಲಿ ಸಣ್ಣ ಮೊತ್ತದ ನೇರ ಖರೀದಿಗೂ ಅವಕಾಶವಿರುವುದರಿಂದ ಹೊಸಬರು ಅಲ್ಲಿಂದ ಆರಂಭಿಸುವುದು ಸೂಕ್ತ. ಖಾತೆಗೆ ಉದ್ದಿಮೆದಾರರದೇ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ನೀಡಬೇಕು. ಸೈಬರ್ ಅಂಗಡಿಯವರ ಸಂಖ್ಯೆ ನೀಡಿದರೆ ಆದೇಶ ಬಂದದ್ದೇ ತಿಳಿಯದೆ ಹೋಗಬಹುದು.

ದರ ನಮೂದಿಸುವ ಮುನ್ನ

ಒಂದು ಟೆಂಡರಿನಲ್ಲಿ ದೊಡ್ಡ ಕಂಪನಿಯು ಕಿಲೋಗೆ ₹100 ದರ ನಮೂದಿಸಿ ಅತಿ ಕಡಿಮೆ ದರದವನಾಗಿದೆ ಎಂದು ಭಾವಿಸೋಣ. ಮಹಿಳಾ ಸಂಘದ ದರ ₹112 ಆಗಿದ್ದಲ್ಲಿ ಅದು ₹115ರ ಮಿತಿಯೊಳಗಿದೆ. ಆದ್ದರಿಂದ ₹100ಕ್ಕೆ ಪೂರೈಸಲು ಸಂಘಕ್ಕೆ ಅವಕಾಶ ಬರುತ್ತದೆ. ದರ ₹118 ಆಗಿದ್ದಲ್ಲಿ ಬಾರದು. ಆದರೆ ಅವಕಾಶ ಬಂದದ್ದಕ್ಕೇ ಒಪ್ಪಿಕೊಳ್ಳಬೇಕೆಂದಿಲ್ಲ. ಕಚ್ಚಾವಸ್ತು, ಕೂಲಿ, ವಿದ್ಯುತ್, ಪೊಟ್ಟಣ, ಸಾಗಣೆ ಮತ್ತು ಸಾಲದ ಬಡ್ಡಿ ಸೇರಿ ಕಿಲೋಗೆ ₹103 ವೆಚ್ಚವಾಗುವುದಾದರೆ ಪ್ರತಿ ಕಿಲೋಗೆ ₹3 ನಷ್ಟವಾಗುತ್ತದೆ. ತನ್ನ ನಿಜವಾದ ಉತ್ಪಾದನಾ ವೆಚ್ಚವನ್ನು ಅರಿಯದವರು ಬಿಡ್ ಸಲ್ಲಿಸಬಾರದು.

ದುಡಿಯುವ ಬಂಡವಾಳದ ಲೆಕ್ಕ

ತಿಂಗಳಿಗೆ ₹1,00,000 ಮೌಲ್ಯದ ಆದೇಶ ದೊರೆತು, ಅದರ ತಯಾರಿಕೆಗೆ ₹80,000 ವೆಚ್ಚವಾಗುತ್ತದೆ ಎಂದುಕೊಳ್ಳೋಣ. ಮೊದಲ ಸರಕು 30ನೇ ದಿನ ತಲುಪಿ, ಹಣವು ಅಲ್ಲಿಂದ 45ನೇ ದಿನಕ್ಕೆ ಬಂದರೆ ಅದು ಕೆಲಸ ಆರಂಭಿಸಿದ 75ನೇ ದಿನ. ಅಷ್ಟರಲ್ಲಿ ಎರಡೂವರೆ ತಿಂಗಳ ವೆಚ್ಚ, ಅಂದರೆ ₹2,00,000, ಕೈಯಿಂದ ಹೋಗಿರುತ್ತದೆ. ಈ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಆದೇಶ ಪಡೆದವರು ಕೈಸಾಲದ ಸುಳಿಗೆ ಸಿಲುಕುತ್ತಾರೆ.

ಮುಂಗಡ ಠೇವಣಿಯ ವಿನಾಯಿತಿಯು ಕಾರ್ಯನಿರ್ವಹಣಾ ಭದ್ರತಾ ಠೇವಣಿಗೆ ಅನ್ವಯಿಸದು ಎಂಬುದನ್ನೂ ನೆನಪಿಡಬೇಕು. ಘಟಕದ ಸಾಮರ್ಥ್ಯ ಹೆಚ್ಚಿಸಲು ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಡಿ (ಪಿಎಂಎಫ್‌ಎಂಇ) ಸಾಲ ಸಂಪರ್ಕಿತ ಸಹಾಯಧನ ಲಭ್ಯವಿದ್ದು, ಸ್ವಸಹಾಯ ಸಂಘದ ಸದಸ್ಯರಿಗೆ ತಲಾ ₹40,000ವರೆಗೆ ಬೀಜಧನಕ್ಕೂ ಅವಕಾಶವಿದೆ. ಕರ್ನಾಟಕದಲ್ಲಿ ಕೆಪೆಕ್ ಇದರ ನೋಡಲ್ ಸಂಸ್ಥೆ.

ಹಣ ಪಾವತಿ ತಡವಾದರೆ

2006ರ ಕಾಯ್ದೆಯಂತೆ, ಸರಕನ್ನು ಸ್ವೀಕರಿಸಿದ ದಿನದಿಂದ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ ಅವಧಿ 15 ದಿನ. ತಡವಾದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಕೊಡಬೇಕಾಗುತ್ತದೆ. ಪೂರೈಕೆದಾರರು ರಾಜ್ಯದ ಸೌಲಭ್ಯ ಮಂಡಳಿಗೆ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು. ಇದಕ್ಕಾಗಿ ಎರಡು ಮುನ್ನೆಚ್ಚರಿಕೆಗಳು ಅಗತ್ಯ: ಸರಕು ಪೂರೈಸುವ ಮುನ್ನವೇ ಉದ್ಯಮ್ ನೋಂದಣಿ ಆಗಿರಬೇಕು, ಸರಕು ತಲುಪಿದ ದಿನವೇ ಸ್ವೀಕೃತಿಯ ಮೇಲೆ ದಿನಾಂಕ, ಸಹಿ ಮತ್ತು ಮೊಹರು ಪಡೆಯಬೇಕು. ಬಾಯಿಮಾತಿನ ಸ್ವೀಕೃತಿಯಿಂದ ದಿನಗಳ ಲೆಕ್ಕವನ್ನು ಸಾಬೀತುಪಡಿಸುವುದು ಕಷ್ಟ.

ಹೆಸರನ್ನು ಎರವಲು ಕೊಡಬೇಡಿ

ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಇರುವ ಮೀಸಲಾತಿಯನ್ನು ಬಳಸಿಕೊಳ್ಳಲು ಕೆಲವು ಗುತ್ತಿಗೆದಾರರು ಅವರ ಹೆಸರಿನಲ್ಲಿ ಬಿಡ್ ಸಲ್ಲಿಸಿ, ಅಲ್ಪ ಹಣ ಕೊಟ್ಟು ಸಹಿ ಪಡೆಯುವುದುಂಟು. ಸರಕು ಕಳಪೆಯಾದರೆ ಅಥವಾ ಪೂರೈಕೆ ನಿಂತರೆ ದಂಡ, ತೆರಿಗೆ ಬಾಕಿ ಮತ್ತು ಕಪ್ಪುಪಟ್ಟಿಯ ಹೊಣೆ ಸಹಿ ಮಾಡಿದವರದೇ. ಡಿಜಿಟಲ್ ಸಹಿಯ ಸಾಧನ, ಪಾಸ್‌ವರ್ಡ್ ಮತ್ತು ಸಹಿ ಮಾಡಿದ ಖಾಲಿ ಚೆಕ್ಕುಗಳನ್ನು ಯಾರ ವಶಕ್ಕೂ ಕೊಡಬಾರದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

• ಪ್ರತಿ ಸಂಘಕ್ಕೂ ಒಂದು ದಾಖಲೆ ಕಡತ ತೆರೆದು, ಪರವಾನಗಿಗಳ ಅವಧಿ ಮುಗಿಯುವ ದಿನಾಂಕವನ್ನು ಮೊದಲ ಪುಟದಲ್ಲಿ ಬರೆಯಿಸಿ.
• ಸಂಘದ ಕನಿಷ್ಠ ಇಬ್ಬರು ಸದಸ್ಯರಿಗೆ ಜಾಲತಾಣದ ಬಳಕೆ ಕಲಿಸಿ. ನೀವೇ ಅವರ ಪರವಾಗಿ ಖಾತೆ ನಿರ್ವಹಿಸಬೇಡಿ.
• ಬಿಡ್ ದಾಖಲೆಯ ಅರ್ಹತಾ ಷರತ್ತು, ಪೂರೈಕೆಯ ಸ್ಥಳ, ದಂಡ ಮತ್ತು ಪಾವತಿಯ ಅಂಶಗಳನ್ನು ಕನ್ನಡದಲ್ಲಿ ಓದಿ ವಿವರಿಸಿ.
• ಮೊದಲ ವರ್ಷ ಸಣ್ಣ ಆದೇಶಗಳನ್ನೇ ಪಡೆಯಲು ಸಲಹೆ ನೀಡಿ. ಸಮಯಕ್ಕೆ ಸರಿಯಾಗಿ ಪೂರೈಸಿದ ಪ್ರತಿ ಆದೇಶದ ಪ್ರತಿಯೂ ಮುಂದಿನ ಟೆಂಡರಿಗೆ ಅನುಭವದ ದಾಖಲೆಯಾಗುತ್ತದೆ.
• ಲೆಕ್ಕ ಹೊಂದದಿದ್ದಲ್ಲಿ ಬಿಡ್ ಸಲ್ಲಿಸದಂತೆ ತಿಳಿಹೇಳುವುದೂ ಕಾರ್ಯಕರ್ತರ ಕರ್ತವ್ಯ.

ಹೆಚ್ಚಿನ ಮಾಹಿತಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ, ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಪಿಎಂಎಫ್‌ಎಂಇ ಯೋಜನೆಯ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ಸಂಪರ್ಕಿಸಬಹುದು. ಮಿತಿ ಹಾಗೂ ಷರತ್ತುಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಬಿಡ್ ಸಲ್ಲಿಸುವ ಮುನ್ನ ಆಯಾ ಟೆಂಡರು ದಾಖಲೆಯನ್ನೇ ಅಂತಿಮವೆಂದು ಪರಿಗಣಿಸಬೇಕು.