ಕದಂಬರ ಹಡಗಿಗೆ ಹಗ್ಗ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದೊಡನೆ ನಿಮ್ಮ ಕಣ್ಣಮುಂದೆ ನಿಲ್ಲುವುದು ಭತ್ತದ ಗದ್ದೆ, ಹತ್ತಿಯ ಹೊಲ, ಎಲೆಬಳ್ಳಿಯ ತೋಟ, ಏರಿಯ ಮೇಲೆ ನಿಂತು ನೋಡಿದರೆ ಆಚೆಯ ದಡ ಮಸುಕಾಗಿ ಕಾಣುವ ಕೆರೆಗಳು. ಹಡಗು ಯಾರಿಗೂ ನೆನಪಾಗುವುದಿಲ್ಲ. ಆದರೆ ಹಾನಗಲ್ಲಿನಿಂದ ಪಶ್ಚಿಮಕ್ಕೆ ನೇರವಾಗಿ ಒಂದು ಗೆರೆಯನ್ನೆಳೆದರೆ ಸುಮಾರು 100 ಕಿಲೋಮೀಟರಿನಲ್ಲೇ ಅದು ಕಡಲನ್ನು ಮುಟ್ಟುತ್ತದೆ. ಘಟ್ಟ ನಡುವೆ ನಿಂತಿರುವುದರಿಂದ ಕಡಲು ದೂರವೆಂದು ನಾವು ತಿಳಿದಿದ್ದೇವೆ, ಅಷ್ಟೆ. ಪಾನುಂಗಲ್ಲು ಐನೂರನ್ನಾಳಿದ ಕದಂಬರಿಗೆ ಅದು ದಾಯಾದಿಗಳ ಅಂಗಳವಾಗಿತ್ತು. ಅವರೂ, ಕೊಂಕಣ ಒಂಬೈನೂರನ್ನು ಆಳುತ್ತಿದ್ದ ಗೋವೆಯ ಕದಂಬರೂ, ಬನವಾಸಿಯ ಮಯೂರವರ್ಮನ ವಂಶದವರೆಂದೇ ತಮ್ಮನ್ನು ಹೇಳಿಕೊಂಡವರು. ಒಬ್ಬರ ಪಾಲಿಗೆ ಕೆರೆ ಬಂದಿತು. ಇನ್ನೊಬ್ಬರ ಪಾಲಿಗೆ ಸಮುದ್ರ. ಗೋವೆಯವರು 'ಪಶ್ಚಿಮ ಸಮುದ್ರಾಧೀಶ್ವರ'ರೆಂಬ ಬಿರುದನ್ನೂ ಧರಿಸಿದರು.

ಈಗ ಈ ನಾಲ್ಕು ಊರುಗಳ ಪೈಕಿ ಯಾವುದೋ ಒಂದು ಶಾಲೆಯವರು ಕದಂಬರ ಕಾಲದ ಹಾಯಿಹಡಗಿನ ಮಾದರಿಯೊಂದನ್ನು ಮಾಡಿ ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ಮನಸ್ಸು ಮಾಡಿದರೆನ್ನಿ. ಒಡಲನ್ನು ಊರಿನ ಬಡಿಗರು ಮಾಡಿಕೊಟ್ಟಾರು. ಹಾಯಿಗೆ ಕೈನೂಲಿನ ಬಟ್ಟೆ ಸಿಕ್ಕೀತು. ಕಷ್ಟ ಬರುವುದು ಹಗ್ಗದಲ್ಲಿ. ಹಡಗಿನ ಮೇಲೆ ಎಷ್ಟು ಹಗ್ಗ, ಎಲ್ಲಿಂದ ಎಲ್ಲಿಗೆ, ಯಾವ ನಾರಿನದು, ಯಾವ ಬಣ್ಣದ್ದು? ಇಲ್ಲಿ ತಪ್ಪಿದರೆ ಅದು ಕದಂಬರ ಹಡಗಾಗದೆ ಅಲಂಕಾರದ ಗೊಂಬೆಯಾಗುತ್ತದೆ.

ಹಗ್ಗ ಎಲ್ಲಕ್ಕಿಂತ ಮೊದಲು ಕೊಳೆಯುವ ವಸ್ತು. ಮರ ಕೆಸರಿನಲ್ಲಿ ಉಳಿಯಬಹುದು, ಲಂಗರಿನ ಕಲ್ಲು ಉಳಿದೇ ಉಳಿಯುತ್ತದೆ. ಹಗ್ಗ ಉಳಿಯುವುದು ಅಪೂರ್ವ. ಆದುದರಿಂದ ನಾವು ಕಲ್ಲನ್ನೂ ತಾಮ್ರವನ್ನೂ ಕೇಳಬೇಕಾಗುತ್ತದೆ.

ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನೋಡಿದವರು ಅಲ್ಲಿಯ ವೀರಗಲ್ಲುಗಳನ್ನೂ ನೋಡಿರುತ್ತಾರೆ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯಚಂದ್ರರು. ಇಲ್ಲಿಯ ಕಾಳಗ ನೆಲದ್ದು. ಆನೆ, ಕುದುರೆ, ಕಾಲಾಳಿನದು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಮುತ್ತಿಗೆ ಹಾಕಿದ ಊರಿನಲ್ಲಿ ಬೇರೇನನ್ನು ತಾನೆ ಕೆತ್ತುತ್ತಾರೆ? ಘಟ್ಟವನ್ನಿಳಿದು ಹಳೆಯ ಗೋವೆಯ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅದೇ ಬಗೆಯ ವೀರಗಲ್ಲು, ಅದೇ ಅಂತಸ್ತುಗಳು. ಆದರೆ ಕೆಳಗಿನ ಪಟ್ಟಿಕೆಯಲ್ಲಿ ಕುದುರೆಯ ಬದಲು ಹಡಗು ಇದೆ. ಇನ್ನೂ ಉತ್ತರಕ್ಕೆ, ಮುಂಬಯಿಯ ಬೊರಿವಲಿಯ ಹತ್ತಿರ ಎಕ್ಸಾರಿನಲ್ಲಿ, ಕೂವೆಮರವೂ ಸಾಲು ಹುಟ್ಟುಗಳೂ ಉಳ್ಳ ಹಡಗುಗಳ ಕಾಳಗವನ್ನೇ ಕೆತ್ತಿದ ಕಲ್ಲುಗಳಿವೆ.

ಈ ಕಲ್ಲುಗಳಿಂದ ಒಡಲಿನ ಆಕಾರ, ಕೂವೆಮರ, ಹುಟ್ಟುಗಳ ಸಾಲು ತಿಳಿಯುತ್ತವೆ. ಹಗ್ಗದ ವಿಷಯದಲ್ಲಿ ಮಾತ್ರ ಕಲ್ಲು ಜಿಪುಣ. ತಾರಕೇಶ್ವರದ ಮಂಟಪದ ಚಾವಣಿಯಲ್ಲಿ ಅಷ್ಟು ದೊಡ್ಡ ಕಮಲವನ್ನು ಎಸಳೆಸಳಾಗಿ ಅರಳಿಸಿದ ಪರಂಪರೆಯವರಿಗೆ ಹಗ್ಗ ಕೆತ್ತಲು ಬಾರದೆ? ಬರುತ್ತದೆ. ಆದರೆ ಚಾವಣಿ ಬಿಸಿಲುಮಳೆಗೆ ಸಿಕ್ಕುವುದಿಲ್ಲ; ಬಯಲಿನಲ್ಲಿ ನಿಂತ ವೀರಗಲ್ಲಿನ ಮೇಲೆ ಕೂದಲಿನಂಥ ಏಣು ಮೊದಲು ಸವೆಯುತ್ತದೆ. ಮೇಲಾಗಿ ಶಿಲ್ಪಿಗೆ ಬೇಕಾದವನು ವೀರ, ಹಗ್ಗವಲ್ಲ. ಅವನು ಕೆತ್ತದೆ ಬಿಟ್ಟ ಹಗ್ಗ ಹಡಗಿನ ಮೇಲೆ ಇರಲಿಲ್ಲವೆಂದು ತೀರ್ಮಾನಿಸಲು ನಮಗೆ ಅಧಿಕಾರವಿಲ್ಲ.

ತಾಮ್ರ ಸ್ವಲ್ಪ ಉದಾರಿ. ಗೋವೆಯ ಒಂದನೆಯ ಜಯಕೇಶಿಯ 1059ರ ಪಣಜಿ ತಾಮ್ರಶಾಸನದಲ್ಲಿ ಒಂದು ಸಂಗತಿ ಬರುತ್ತದೆ. ಅವನ ಹಿರಿಯನಾದ ಗುಹಲ್ಲದೇವನು ಸೋಮನಾಥನ ಯಾತ್ರೆಗೆಂದು ಕಡಲಮೇಲೆ ಹೊರಟಾಗ ಅರ್ಧದಾರಿಯಲ್ಲಿ ಹಡಗಿನ ಕೂವೆಮರ ಮುರಿಯಿತು. ಅರಸನು ಗೋವೆಯ ರೇವನ್ನು ಸೇರಬೇಕಾಯಿತು. ಅಲ್ಲಿ ಮದುಮದನೆಂಬ ಅರಬಮೂಲದ ವರ್ತಕನು ನೆರವಾದನು. ಆ ಉಪಕಾರವನ್ನು ಮರೆಯದೆ, ವರ್ತಕನ ಮೊಮ್ಮಗನಿಗೆ ಜಯಕೇಶಿಯು ಅಧಿಕಾರವನ್ನು ಕೊಟ್ಟನು. ಇತಿಹಾಸಕಾರರು ಇದನ್ನು ಮತಸಹಿಷ್ಣುತೆಗೆ ಉದಾಹರಣೆಯಾಗಿ ಹೇಳುವುದುಂಟು, ಅದು ಸರಿಯೇ. ಹಡಗು ಕಟ್ಟುವವನಾದರೋ ಬೇರೊಂದು ಪ್ರಶ್ನೆಯನ್ನು ಕೇಳುತ್ತಾನೆ: ಕೂವೆಮರ ಹೇಗೆ ಮುರಿಯುತ್ತದೆ?

ಹಾಯಿ ತುಂಬಿದಾಗ ಗಾಳಿಯ ಒತ್ತಡವೆಲ್ಲ ಮರದ ತುದಿಗೆ ಬೀಳುತ್ತದೆ. ಬುಡ ಹಡಗಿನ ಒಡಲಿನಲ್ಲಿ ನಾಟಿರುತ್ತದೆ. ಹೇರಿನ ಗಾಡಿ ಇಳಿಜಾರಿನಲ್ಲಿ ಓಡುವಾಗ ಮೂಕಿಯ ಮೇಲೆ ಬೀಳುವ ಭಾರವನ್ನು ನೆನೆದರೆ ನಿಮಗೆ ಅಂದಾಜಾದೀತು. ಮರವನ್ನು ಹಿಂದಕ್ಕೂ ಎರಡು ಮಗ್ಗುಲಿಗೂ ಹಗ್ಗಗಳು ಜಗ್ಗಿ ಹಿಡಿದಿರಬೇಕು. ಗಾಳಿ ಹಠಾತ್ತನೆ ಎದುರಿಗೆ ತಿರುಗಿದರೆ ಮುಂದಿನಿಂದಲೂ ಒಂದು ಹಗ್ಗ ಹಿಡಿದಿರಬೇಕು. ಇವು ನಿಂತ ಹಗ್ಗಗಳು. ಕಟ್ಟಿದ ಮೇಲೆ ಕದಲುವಂತಿಲ್ಲ. ಇವುಗಳಲ್ಲಿ ಒಂದು ಸಡಿಲವಾದರೂ ಮರ ತೊನೆಯುತ್ತದೆ, ತೊನೆದ ಮರ ಒಂದು ದಿನ ಮುರಿಯುತ್ತದೆ.

ಇನ್ನು ಓಡುವ ಹಗ್ಗಗಳು ಬೇರೆ. ಹಾಯಿಯನ್ನು ಕಟ್ಟಿದ ಅಡ್ಡಮರವನ್ನು ಮೇಲಕ್ಕೇರಿಸುವುದೊಂದು. ಬಾವಿಯ ಗಡಗಡೆಯ ಮೇಲೆ ಕೊಡ ಎತ್ತುವ ಹಗ್ಗದ ಕೆಲಸವೇ ಇದು. ಅಡ್ಡಮರದ ಎರಡು ತುದಿಗಳನ್ನು ಗಾಳಿಗೆ ತಕ್ಕಂತೆ ತಿರುಗಿಸುವ ಜೋಡಿ. ಎತ್ತಿನ ಎರಡು ಮೂಗುದಾಣಗಳಂತೆ ಒಂದನ್ನು ಬಿಗಿದಾಗ ಇನ್ನೊಂದನ್ನು ಬಿಡಬೇಕು. ಹಾಯಿಯ ಕೆಳಗಿನ ಮೂಲೆಗಳನ್ನು ಹಡಗಿನ ಅಂಚಿಗೆ ಹಿಡಿಯುವ ಇನ್ನೊಂದು ಜೋಡಿ. ಚೌಕದ ಹಾಯಿಯೊಂದಕ್ಕೆ ಇಷ್ಟು ಇಲ್ಲದೆ ನಡೆಯುವುದೇ ಇಲ್ಲ. ಶಿಲ್ಪಿ ಕೆತ್ತಲಿ, ಬಿಡಲಿ, ಇವು ಇದ್ದೇ ಇದ್ದವು. ಮಾದರಿಯ ಮೇಲೆ ಹಗ್ಗ ಕಟ್ಟುವವನು ಪ್ರತಿ ಎಳೆಗೂ 'ನೀನು ಮಾಡುವ ಕೆಲಸವೇನು?' ಎಂದು ಕೇಳಬೇಕು. ಉತ್ತರ ಬಾರದ ಹಗ್ಗವನ್ನು ಬಿಚ್ಚಿಬಿಡಬೇಕು.

ಅಂಗಡಿಗಳಲ್ಲಿ ಮಾರುವ ಅಲಂಕಾರದ ಹಡಗುಗಳನ್ನು ನೋಡಿದ್ದೀರಲ್ಲವೆ? ಕೂವೆಮರದ ಎರಡು ಮಗ್ಗುಲಲ್ಲೂ ಕಪ್ಪು ಹಗ್ಗದ ಏಣಿಗಳು ಏರಿರುತ್ತವೆ. ಅದು ಯೂರೋಪಿನ ಪದ್ಧತಿ. ಅವರ ನಿಂತ ಹಗ್ಗಗಳು ಸೆಣಬಿನ ಜಾತಿಯ ನಾರಿನವು. ಕೊಳೆಯದಿರಲೆಂದು ಅವಕ್ಕೆ ಮರದ ಕೀಲನ್ನು ಬಳಿಯುತ್ತಿದ್ದುದರಿಂದ ಕಪ್ಪು. ನಮ್ಮ ಕಡಲಿನ ಹಗ್ಗ ಕತ್ತದ್ದು, ಎಂದರೆ ತೆಂಗಿನ ನಾರಿನದು. ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ನಾರು ಬಿಡಿಸಿ ಹೊಸೆದದ್ದು. ಉಪ್ಪುನೀರಿಗೆ ಅದು ಜಗ್ಗುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಎಳೆದಾಗ ಹಿಗ್ಗಿ ಅಲೆಯ ಪೆಟ್ಟನ್ನು ತಾನೇ ನುಂಗುತ್ತದೆ. ಹಗ್ಗವಷ್ಟೇ ಅಲ್ಲ, ಹಲಗೆಗೆ ಹಲಗೆಯನ್ನು ಹೊಲಿಯುತ್ತಿದ್ದುದೂ ಅದರಿಂದಲೇ. 13ನೆಯ ಶತಮಾನದ ಮಾರ್ಕೋಪೋಲೊ ಹಾರ್ಮುಜಿನಲ್ಲಿ ಇಂಥ ಹೊಲಿದ ಹಡಗುಗಳನ್ನು ಕಂಡು, ಕಬ್ಬಿಣದ ಮೊಳೆಯಿಲ್ಲವೆಂದು ಮೂಗು ಮುರಿದನು. ಮೂಗು ಮುರಿದರೂ ಅದನ್ನು ಬರೆದಿಟ್ಟದ್ದು ನಮ್ಮ ಪುಣ್ಯ. ಆದುದರಿಂದ ಕದಂಬರ ಮಾದರಿಗೆ ಕಪ್ಪು ಹಗ್ಗ ಬೇಡ, ಕತ್ತದ ಕಂದು ಬಣ್ಣವಿರಲಿ.

ಇಲ್ಲೊಂದು ವಿಚಿತ್ರವಿದೆ. ಬಣ್ಣ ಕತ್ತದ್ದಾದರೂ ವಸ್ತು ಕತ್ತವಾಗಕೂಡದು. ಮಾದರಿಯನ್ನು 50ರಲ್ಲಿ ಒಂದರ ಅಳತೆಗೆ ಮಾಡಿದರೆ 5 ಸೆಂಟಿಮೀಟರು ದಪ್ಪದ ಹಗ್ಗ 1 ಮಿಲಿಮೀಟರಿಗೆ ಇಳಿಯುತ್ತದೆ. ಕತ್ತದ ನಾಲ್ಕಾರು ಒರಟು ನಾರು ಸೇರಿದರೆ ಅಷ್ಟಾಗಿಬಿಡುತ್ತದೆ. ಹಗ್ಗದ ಹೊಸೆತ ಕಾಣುವುದೇ ಇಲ್ಲ. ನಯವಾದ ಹತ್ತಿಯ ನೂಲು ಅಥವಾ ಅಗಸೆಯ ನೂಲು ಬೇಕು. ನಮ್ಮ ಸೀಮೆಯಲ್ಲಿ ಚಟ್ನಿಪುಡಿಗೆ ಹುರಿಯುವ ಅಗಸೆಯ ಗಿಡದ ಕಾಂಡದಿಂದಲೇ ಪಶ್ಚಿಮದೇಶದವರು ಲಿನನ್ ನೂಲು ತೆಗೆಯುವುದು. ನಾವು ಬೀಜ ತಿಂದೆವು, ಅವರು ನಾರು ಬಿಡಿಸಿದರು!

ಹೊಸೆಯುವ ವಿದ್ಯೆಗೆ ಮಾತ್ರ ಕಡಲತೀರಕ್ಕೆ ಹೋಗಬೇಕಾಗಿಲ್ಲ. ಪುಂಡಿಯ ಸೊಪ್ಪು ಪಲ್ಯಕ್ಕೆ, ಕಾಂಡ ಕೆರೆಗೆ, ಕೊಳೆತ ಮೇಲೆ ನಾರು ಹಗ್ಗಕ್ಕೆ ಎಂಬುದು ಈ ಸೀಮೆಯ ರೈತರ ಹಳೆಯ ಲೆಕ್ಕ. ಒಬ್ಬನು ತಿರುಗಣೆಯನ್ನು ತಿರುಗಿಸುತ್ತ ನಿಲ್ಲುವನು, ಇನ್ನೊಬ್ಬನು ನಾರು ಕೂಡಿಸುತ್ತ ಹಿಂದಹಿಂದಕ್ಕೆ ನಡೆಯುವನು. ಎಳೆಗಳನ್ನು ಬಲಕ್ಕೆ ತಿರುಪಿ, ಅಂಥ ಮೂರನ್ನು ಕೂಡಿಸಿ ಎಡಕ್ಕೆ ಹೊಸೆದರೆ ಒಂದರ ಬಿಚ್ಚುವ ಹಟ ಇನ್ನೊಂದರ ಕಟ್ಟುವ ಬಲವಾಗುತ್ತದೆ. ಮಾದರಿಯ ಹಗ್ಗಕ್ಕೂ ಇದೇ ಕ್ರಮ. ತಿರುಗಣೆ ಗೇಣುದ್ದದ್ದಾದರೆ ಸಾಕು. ಹೊಸೆದ ಮೇಲೆ ದೀಪದ ಜ್ವಾಲೆಯ ಮೇಲೆ ಬೇಗನೆ ಹಾಯಿಸಿ ಜುಂಗನ್ನು ಸುಡಬೇಕು, ಜೇನುಮೇಣವನ್ನು ತೀಡಬೇಕು. ನೈಲಾನ್ ಹಗ್ಗ ಅಂಗಡಿಗೆ ಬಂದಮೇಲೆ ಪುಂಡಿಯ ಹಗ್ಗ ಹೊಸೆಯುವ ಮನೆಗಳು ಕಡಿಮೆಯಾದವು. ಶಾಲೆಯವರು ಇಂಥ ಕೈಗಳನ್ನು ಹುಡುಕಿ ಕರೆಸುವುದಾದರೆ ಬೇಗ ಕರೆಸುವುದು ಒಳ್ಳೆಯದು.

ನಾರಿನ ಮಾತು ಬಂದಾಗ ಸವಣೂರಿನ ದೊಡ್ಡಹುಣಸೆಯ ಮರಗಳನ್ನು ಬಿಡುವಂತಿಲ್ಲ. ಹೆಸರಿಗೆ ಹುಣಸೆಯಾದರೂ ಅದು ಆಫ್ರಿಕದ ಬಾವೊಬಾಬ್. ಅಲ್ಲಿಯ ಜನರು ಅದರ ಒಳತೊಗಟೆಯಿಂದ ಗಟ್ಟಿಯಾದ ಹಗ್ಗವನ್ನು ಮಾಡುತ್ತಾರೆ. ಆಫ್ರಿಕದ ಮರ ನವಾಬರ ಸವಣೂರಿಗೆ ಯಾರ ಕೈಯಿಂದ ಬಂದಿತೆಂಬುದಕ್ಕೆ ಊರಿನಲ್ಲಿ ಪುರಾಣಕಥೆಗಳೇ ಇವೆ. ಮೂಲದಲ್ಲಿ ಅದರ ಬೀಜ ಕಡಲು ದಾಟಿ ಬಂದದ್ದಂತೂ ನಿಜ, ಕತ್ತದ ಹಗ್ಗ ಜಗ್ಗಿದ ಹಾಯಿಯ ಕೆಳಗೇ ಬಂದಿದ್ದರೆ ಆಶ್ಚರ್ಯವಿಲ್ಲ.

ಚಿತ್ರವೊಂದನ್ನು ನೋಡಿ ಹಡಗು ಕಟ್ಟುವುದು ಹುಡುಗಾಟವೆಂದು ಯಾರಾದರೂ ಹೇಳಿದರೆ ಅವರಿಗೆ ಕಾರವಾರವನ್ನು ತೋರಿಸಬಹುದು. ಅಜಂತೆಯ 5ನೆಯ ಶತಮಾನದ ಚಿತ್ರವನ್ನಾಧರಿಸಿ ಕಟ್ಟಿದ 'ಕೌಂಡಿನ್ಯ'ವೆಂಬ ಹೊಲಿದ ಹಡಗು 2025ರ ಮೇ 21ರಂದು ಅಲ್ಲಿಯ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು. ನಕ್ಷೆಯಿರಲಿಲ್ಲ, ಹಳೆಯ ಹಡಗಿನ ಒಂದು ತುಂಡೂ ಇರಲಿಲ್ಲ. ಗೋವೆಯ ಹಡಗುಕಟ್ಟೆಯಲ್ಲಿ ಕೇರಳದ ಬಾಬು ಶಂಕರನ್ ಅವರೂ ಅವರ ಸಂಗಡಿಗರೂ ಹಲಗೆಗಳನ್ನು ಕತ್ತದಿಂದ ಹೊಲಿದರು. ಮದರಾಸಿನ ಐ. ಐ. ಟಿ.ಯವರು ಮೊದಲು ಸಣ್ಣ ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಿದರು. ಚೌಕದ ಹಾಯಿ, ಚುಕ್ಕಾಣಿಯ ಬದಲು ದೊಡ್ಡ ಹುಟ್ಟುಗಳು. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ತನ್ನು ಮುಟ್ಟಿತು. ಗುಹಲ್ಲದೇವನು ತಲುಪಬೇಕೆಂದಿದ್ದ ಸೋಮನಾಥ ಪೋರಬಂದರಿಗೆ ದೂರವೇನಲ್ಲ. ಈ ಸಲ ಕೂವೆಮರ ಮುರಿಯಲಿಲ್ಲ.

ಆ ಹಡಗಿನ ಹಾಯಿಯ ಮೇಲೆ ಗಂಡಭೇರುಂಡವಿದೆ. ಹಿರೇಕೆರೂರಿನವರಿಗೆ ಇದು ಪಕ್ಕದೂರಿನ ಹಕ್ಕಿ: ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬದ ಮೇಲೆ ಅದನ್ನು ಕೂರಿಸಿದ್ದರು. ಹಾಗೆಂದು ನಮ್ಮ ಮಾದರಿಯ ಹಾಯಿಯ ಮೇಲೂ ಅದನ್ನು ಬರೆಯೋಣವೆಂದು ಮಕ್ಕಳು ಕೇಳಬಹುದು. ಬೇಡವೆಂದೇ ನನ್ನ ಅಭಿಪ್ರಾಯ. ಗೋವೆಯ ಕದಂಬರ ಲಾಂಛನ ಸಿಂಹ. ಅದನ್ನೂ ಹಾಯಿಯ ಮೇಲೆ ಬರೆಯುವ ಅಗತ್ಯವಿಲ್ಲ. ಬರಿಯ ಬಿಳಿ ಹಾಯಿ ಸಾಕು.

ಕಡೆಯ ಕೆಲಸವೆಂದರೆ ಹಗ್ಗಕ್ಕೆ ತೂಕ ಬರಿಸುವುದು. ನಿಜವಾದ ಹಗ್ಗ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಮಾದರಿಯ ನೂಲಿಗೆ ಭಾರವಿಲ್ಲದ್ದರಿಂದ ಸೆಟೆದು ನಿಲ್ಲುತ್ತದೆ. ತೆಳು ಗಂಜಿಯಲ್ಲಿ ನೆನೆಸಿ, ಸಣ್ಣ ಗುಂಡುಗಳನ್ನು ತೂಗುಹಾಕಿ ಒಣಗಿಸಿದರೆ ಆ ಬಳುಕು ಬರುತ್ತದೆ. ನಿಂತ ಹಗ್ಗಗಳಿಗೆ ಇದು ಬೇಡ, ಅವು ಬಿಗಿದೇ ಇರಲಿ. ಪೆಟ್ಟಿಗೆಯ ಕೆಳಗೆ ಒಂದು ಪಟ್ಟಿಯನ್ನು ಅಂಟಿಸಿ, ಯಾವುದು ವೀರಗಲ್ಲಿನಿಂದ ಬಂದದ್ದು, ಯಾವುದು ಇಂದಿನ ಹಾಯಿಗಾರರಿಂದ ಕಲಿತದ್ದು, ಯಾವುದು ಕೇವಲ ಗಾಳಿಯ ಲೆಕ್ಕದಿಂದ ಕಟ್ಟಿದ್ದು ಎಂದು ಬೇರೆಬೇರೆಯಾಗಿ ಬರೆಯಿರಿ. 1125ರ ನರೇಂದ್ರದ ಶಾಸನದ ಕವಿ, ಷಷ್ಠದೇವನು ಲಂಕೆಯವರೆಗೆ ಹಡಗುಗಳ ಸೇತುವೆಯನ್ನೇ ಕಟ್ಟಿದನೆಂದು ಹೊಗಳಿದ್ದಾನೆ. ಅದನ್ನೂ ಬೇಕಾದರೆ ಬರೆಯಿರಿ, ಅದು ಕವಿಯ ಮಾತೆಂದು ಸೇರಿಸಿ. ಧಾರವಾಡದ ಹತ್ತಿರ, ಕಡಲು ಕಾಣದ ಊರಿನಲ್ಲಿ, ಕನ್ನಡದಲ್ಲಿ ಕೆತ್ತಿದ ಮಾತು ಅದು.